ಕೋವಿಯ ಮಗುಚುವ ಕಣ್ಣು
(ಉಡುಪಿಯಲ್ಲಿ ಎನ್‌ಸಿಸಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಸಾರ)



ಉಡುಪಿ, ಮಣಿಪಾಲದಿಂದ ಬಂದ ನಿಮ್ಮಲ್ಲಿ ಕೆಲವರಿಗೆ ಕೋವಿ ಹೊಸದಿರಬಹುದು. ಕಾರ್ಕಳದ ಘಟ್ಟದ ಬುಡದಲ್ಲಿ ಗದ್ದೆಯಿರುವವರಿಗೆ ಹೊಸದಲ್ಲ. ತುಳುವಿನಲ್ಲಿ ಅದು ‘ಬೆಡಿ’. ಬೆಳೆ ಕಾಯಲು ಪರವಾನಗಿ ಪಡೆದ ತೋಟೆ ಕೋವಿಯ ತುದಿಯಲ್ಲಿ ಕಾಳುಮೆಣಸಿನಷ್ಟು ಒಂದು ಮಣಿ. ಗುರಿ ಹಿಡಿಯಲು ಅಷ್ಟೇ ಸಾಧನ. ಹತ್ತಿರದಲ್ಲೇ ಚದುರಿ ಬೀಳುವ ಚರೆಗೆ ಅಷ್ಟು ಸಾಕು.

ರೈಫಲಿನ ಮಾತು ಬೇರೆ. ಗುಂಡು ಒಂದೇ, ದೂರ ಹೆಚ್ಚು. ಅದು ನೇರವಾಗಿ ಹೋಗುತ್ತದೆಂದು ನಾವು ತಿಳಿಯುತ್ತೇವೆ. ಆದರೆ ತೊಟ್ಟು ಕಳಚಿದ ಮಾವಿನಕಾಯಿಯಂತೆ ಅದೂ ನಳಿಗೆ ಬಿಟ್ಟ ಗಳಿಗೆಯಿಂದಲೇ ಬೀಳತೊಡಗುತ್ತದೆ. 300 ಮೀಟರ್ ತಲುಪಲು ಅರ್ಧ ಸೆಕೆಂಡು ಹಿಡಿದರೆ, ಅಷ್ಟರಲ್ಲಿ ಸುಮಾರು 120 ಸೆಂಟಿಮೀಟರ್ ಇಳಿದಿರುತ್ತದೆ. ಆದ್ದರಿಂದ ನಳಿಗೆಯನ್ನು ತುಸು ಮೇಲೆತ್ತಬೇಕು. ಎಷ್ಟು ಎತ್ತಬೇಕೆಂದು ತಿಳಿಸುವುದೇ ಹಿಂದಿನ ಸೈಟು.

1857ರ ದಂಗೆಯ ಕಥೆಯಲ್ಲಿ ಬರುವ ಎನ್‌ಫೀಲ್ಡ್ ಕೋವಿಗೆ ಪುಟ್ಟ ಏಣಿಯಂಥ ಪಟ್ಟಿಯಿತ್ತು. ಹತ್ತಿರದ ಗುರಿಗೆ ಅದನ್ನು ಮಲಗಿಸುವುದು, ದೂರದ್ದಕ್ಕೆ ಎಬ್ಬಿಸಿ ನಿಲ್ಲಿಸುವುದು. ಎರಡನೇ ಮಹಾಯುದ್ಧ ಕಾಲದ .303 ನಂಬರ್ 4 ರೈಫಲುಗಳಲ್ಲಿ ಹಲವಕ್ಕೆ ಎರಡು ತೂತಿನ ‘ಎಲ್’ ಆಕಾರದ ತಗಡು ಬಂತು: ಒಂದು 300 ಗಜಕ್ಕೆ, ಮಗುಚಿದರೆ ಇನ್ನೊಂದು 600 ಗಜಕ್ಕೆ. ನಮ್ಮ ದೇಶದ ಇನ್ಸಾಸ್ ರೈಫಲಿನಲ್ಲೂ 200 ಮತ್ತು 400 ಮೀಟರಿಗೆ ಹೀಗೆಯೇ ಮಗುಚುವ ತೂತುಗಳಿವೆ.

ಬಳಸುವ ಕ್ರಮ ಸರಳ. ತೂತಿನ ನಡುವೆ ಮುಂದಿನ ಮುಳ್ಳು, ಮುಳ್ಳಿನ ತುದಿಯಲ್ಲಿ ಗುರಿ. ಆದರೆ ಕಣ್ಣು ಈ ಮೂರನ್ನೂ ಒಟ್ಟಿಗೆ ಸ್ಪಷ್ಟವಾಗಿ ಕಾಣಲಾರದು. ಕಾಪುವಿನ ದಡದಲ್ಲಿ ನಿಂತು 1901ರ ದೀಪಸ್ತಂಭಕ್ಕೆ ಎದುರಾಗಿ ಹೆಬ್ಬೆರಳು ಹಿಡಿದು ನೋಡಿ. ಬೆರಳು ಸ್ಪಷ್ಟವಾದರೆ ಸ್ತಂಭ ಮಸುಕು. ರೈಫಲಿನಲ್ಲಿ ಸ್ಪಷ್ಟವಾಗಿರಬೇಕಾದದ್ದು ಮುಳ್ಳು. ಎರಡು ಸೈಟುಗಳ ನಡುವೆ 60 ಸೆಂಟಿಮೀಟರ್ ಇದ್ದರೆ, ಮುಳ್ಳು 1 ಮಿಲಿಮೀಟರ್ ಸರಿದದ್ದು 300 ಮೀಟರಿನಲ್ಲಿ ಅರ್ಧ ಮೀಟರಿನ ತಪ್ಪಾಗುತ್ತದೆ.

ಗುರಿ ಮಸುಕಾಗಿ ಕಾಣುತ್ತದೆಂದ ಮೇಲೆ, ಅದು ಏನೆಂದು ಮೊದಲೇ ನಿಶ್ಚಯಿಸಿರಬೇಕಲ್ಲವೆ? ಹಂದಿಯೆಂದು ಭಾವಿಸಿ ಮನುಷ್ಯನಿಗೇ ಈಡು ಹೊಡೆದ ಸುದ್ದಿಗಳನ್ನು ನೀವೂ ಓದಿದ್ದೀರಿ. ಅಲ್ಲಿ ಗುರಿ ತಪ್ಪಿರಲಿಲ್ಲ. ಕತ್ತಲಲ್ಲಿ ಅಲುಗಿದ ಪೊದೆಗೇ ಗುಂಡು ಹೋಗಿತ್ತು. ತಪ್ಪಿದ್ದು ತಿಳಿವಳಿಕೆ. ತಗಡಿನ ಮೇಲೆ ದೂರದ ಅಂಕೆ ಕೊರೆದಿರುತ್ತದೆ. ಎದುರಿಗಿರುವವರು ಯಾರೆಂದು ಕೊರೆದಿರುವುದಿಲ್ಲ. ಅದನ್ನು ಖಚಿತಪಡಿಸಿಕೊಳ್ಳುವ ತನಕ ಬೆರಳು ಕುದುರೆಯ ಮೇಲೆ ಹೋಗಬಾರದು.