ಕಾಡಿನ ಪಾಲಿನ ಕಾಣಿಕೆ

ಊರಹಬ್ಬ ಹತ್ತಿರವಾದಾಗ ಹುಡುಗರು ರಸೀದಿ ಪುಸ್ತಕ ಹಿಡಿದು ಮನೆಬಾಗಿಲಿಗೆ ಬರುತ್ತಾರೆ. ಶಾಮಿಯಾನಕ್ಕೆ, ಊಟಕ್ಕೆ, ಗುಡಿಯ ಸುಣ್ಣಬಣ್ಣಕ್ಕೆ ನಾವೂ ಸಂತೋಷದಿಂದ ಕೊಡುತ್ತೇವೆ. ಆ ರಸೀದಿಯಲ್ಲಿ ದೇವರ ಕಾಡಿನ ಹೆಸರನ್ನು ಮಾತ್ರ ನಾನು ಕಂಡಿದ್ದಿಲ್ಲ.

ದೇವರ ಹೆಸರಿನಲ್ಲಿ ಊರವರು ಕಾಯ್ದುಕೊಂಡ ಇಂಥ ದೇವರಕಾಡುಗಳು ಕೊಡಗಿನಲ್ಲಿ 1,200ಕ್ಕೂ ಹೆಚ್ಚಿವೆ. ಅಯ್ಯಪ್ಪನ ಕಾಡುಗಳಲ್ಲಿ ಹರಕೆಗೆ ಒಪ್ಪಿಸಿದ ಮಣ್ಣಿನ ನಾಯಿಗಳು ಮರದಡಿ ಸಾಲಾಗಿ ಕೂತಿರುತ್ತವೆ. ಒಣಕಡ್ಡಿಯನ್ನೂ ಮುರಿಯಬಾರದೆಂಬುದು ಹಿರಿಯರ ಕಟ್ಟಳೆ. ಸುತ್ತಲೂ ಕಾಫಿತೋಟ ಹಬ್ಬಿದರೂ ಎಷ್ಟೋ ಹಳೆಯ ಮರಗಳು ಉಳಿದದ್ದು ಆ ಕಟ್ಟಳೆಯಿಂದಲೇ.

ಇಂದು ಅದೊಂದೇ ಸಾಲದು. ಒತ್ತುವರಿ ಕಾಡಿನ ಅಂಚನ್ನು ತಿನ್ನುತ್ತಿದೆ. ಅಳತೆ ಮಾಡಿಸಬೇಕು. ಗಡಿಕಲ್ಲು ನೆಡಬೇಕು. ಲಂಟಾನ ಕೀಳಿಸಬೇಕು. ಅಲ್ಲಿನ ಮರಗಳ ಬೀಜದಿಂದಲೇ ಸಸಿ ಎಬ್ಬಿಸಬೇಕು. ನೆಟ್ಟ ಸಸಿಯನ್ನು ನಾಲ್ಕಾರು ವರ್ಷ ಕಾಯುವ ಕೈಗಳಿಗೆ ಕೂಲಿಯೂ ಬೇಕು. ದುಡ್ಡಿಲ್ಲದೆ ಇದೊಂದೂ ಆಗದು. ಗುಡಿ ಕಟ್ಟುವ ಮೊದಲು ಕಾಡಿನ ದೇವರಿಗೆ ಮರಗಳೇ ಗುಡಿಯಾಗಿದ್ದವಲ್ಲವೇ?

ನಿಮ್ಮೂರಲ್ಲೂ ಅಂಥದ್ದೊಂದು ಕಾಡಿರಬಹುದು. ಈ ಸಲ ಹುಡುಗರು ಬಂದಾಗ, ಕೊಡುವ ನೂರರಲ್ಲಿ ಹತ್ತು ರೂಪಾಯಿಯನ್ನು ಕಾಡಿನ ಹೆಸರಿಗೆ ಬರೆಸಿ. ಅದರ ಲೆಕ್ಕಕ್ಕೆ ಬೇರೆಯೇ ಪುಸ್ತಕ ಇಡಲು ಹೇಳಿ.