ಸಿಯಾಟಲ್‌ನ ಟೇಪುಗಳು

ಜಾಝ್ ಸಂಗೀತದ ಚರಿತ್ರೆ ಬಹುಪಾಲು ಸ್ಟುಡಿಯೋ ಧ್ವನಿಮುದ್ರಿಕೆಗಳ ಮೇಲೆಯೇ ನಿಂತಿದೆ. ಅದು ಅರ್ಧ ಚರಿತ್ರೆ ಎನ್ನಲು ಸಾಕ್ಷ್ಯ ಅಮೆರಿಕದ ಸಿಯಾಟಲ್ ನಗರದಲ್ಲಿ ಸಿಕ್ಕಿತು. 1964ರ ಡಿಸೆಂಬರಿನಲ್ಲಿ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಸ್ಟುಡಿಯೋದಲ್ಲಿ ನುಡಿಸಿದ ‘ಎ ಲವ್ ಸುಪ್ರೀಂ’ ನಾಲ್ವರ ಮೇಳದ್ದು, ಸುಮಾರು 33 ನಿಮಿಷದ್ದು. 1965ರ ಅಕ್ಟೋಬರ್ 2ರಂದು ಸಿಯಾಟಲ್‌ನ ಪೆಂಟ್‌ಹೌಸ್ ಕ್ಲಬ್ಬಿನಲ್ಲಿ ಅದೇ ಕೃತಿ ಏಳು ಜನರ ಕೈಯಲ್ಲಿ ಸುಮಾರು 75 ನಿಮಿಷಕ್ಕೆ ಬೆಳೆಯಿತು. ಅದನ್ನು ಟೇಪಿಗೆ ಹಿಡಿದವರು ಆ ಊರಿನ ಸ್ಯಾಕ್ಸೊಫೋನ್ ವಾದಕ, ಶಿಕ್ಷಕ ಜೋ ಬ್ರೆಝಿಲ್. ಅವರು ತೀರಿಕೊಂಡದ್ದು 2008ರಲ್ಲಿ. ಟೇಪು ಲೋಕದ ಕಿವಿಗೆ ಬಿದ್ದದ್ದು 2021ರಲ್ಲಿ.

ಧ್ವನಿ ಒರಟು, ನಿಜ. ಡ್ರಮ್ಮು ಎದ್ದು ಕೇಳುತ್ತದೆ, ಸ್ಯಾಕ್ಸೊಫೋನ್ ಕೆಲವೆಡೆ ದೂರ ಸರಿಯುತ್ತದೆ. ಕಲಾವಿದ ತಾನೇ ಒಪ್ಪಿ ಕೊಟ್ಟದ್ದನ್ನಷ್ಟೇ ಕೇಳಬೇಕು ಎನ್ನುವವರೂ ಇದ್ದಾರೆ. ಈ ಆಕ್ಷೇಪ ಹಗುರವಾದದ್ದಲ್ಲ. ಆದರೆ ಮನೋಧರ್ಮವೇ ಜೀವಾಳವಾದ ಸಂಗೀತಕ್ಕೆ ಅಂತಿಮ ಪಾಠ ಎಂಬುದು ಎಲ್ಲಿಂದ ಬಂತು? ಆ ಸ್ಟುಡಿಯೋ ಮುದ್ರಿಕೆಯೂ ಒಂದೇ ರಾತ್ರಿಯ ವಾದನ. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದರಷ್ಟೇ ಹತ್ತು ತಿಂಗಳಲ್ಲಿ ಕೋಲ್ಟ್ರೇನ್ ಎಷ್ಟು ದೂರ ನಡೆದಿದ್ದರೆಂದು ತಿಳಿಯುತ್ತದೆ. ಉಳಿದದ್ದು ಈ ಟೇಪೊಂದೇ ಅಲ್ಲ. ಅದೇ ಕ್ಲಬ್ಬಿನಿಂದ ಅಲ್ಲಿನ ರೇಡಿಯೋ ವಾರವಾರವೂ ನೇರಪ್ರಸಾರ ಮಾಡುತ್ತಿತ್ತು. 1966ರ ವೆಸ್ ಮಾಂಟ್ಗೊಮೆರಿಯ ಗಿಟಾರ್ 2017ರಲ್ಲಿ ಮತ್ತೆ ಕೇಳಿಸಿದ್ದು ಆ ಪ್ರಸಾರಗಳಿಂದಲೇ. ನಿಮ್ಮೂರಿನ ಕಚೇರಿಗಳ ಹಳೆಯ ಕ್ಯಾಸೆಟ್ಟುಗಳು ಮನೆಯಲ್ಲಿದ್ದರೆ, ಗುಜರಿಗೆ ಹಾಕುವ ಮುನ್ನ ದಯವಿಟ್ಟು ಒಮ್ಮೆ ಕೇಳಿ ನೋಡಿ.