ಕೆನ್ನಾಯಿಯ ಹಿಂದೆ ಬಿದ್ದ ಕ್ಯಾಮೆರಾ

ಮೈಸೂರಿನ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ ಮತ್ತು ಸೇನಾನಿ ಕೆನ್ನಾಯಿಗಳ (ಕಾಡುನಾಯಿಗಳ) ಬಗ್ಗೆ ತಯಾರಿಸಿದ ಸಾಕ್ಷ್ಯಚಿತ್ರ 'ದಿ ಪ್ಯಾಕ್'. 2010ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ವೈಲ್ಡ್‌ಸ್ಕ್ರೀನ್ ಚಿತ್ರೋತ್ಸವದಲ್ಲಿ ಅದಕ್ಕೆ ಪಾಂಡಾ ಪ್ರಶಸ್ತಿ ಬಂತು. ವನ್ಯಜೀವಿ ಛಾಯಾಗ್ರಾಹಕರು ಈ ಪ್ರಶಸ್ತಿಯನ್ನು 'ಗ್ರೀನ್ ಆಸ್ಕರ್' ಎಂದೇ ಕರೆಯುತ್ತಾರೆ.

ಕೆನ್ನಾಯಿ ದಟ್ಟ ಕಾಡಿನದು. ಬ್ರಿಟಿಷರ ಕಾಲದಲ್ಲಿ ಅದು ಕೇಡಿಗ ಪ್ರಾಣಿ ಎನಿಸಿತ್ತು, ಕೊಂದವರಿಗೆ ಇನಾಮು ಸಿಗುತ್ತಿತ್ತು. ಬೇಟೆಯನ್ನು ಜೀವಂತವಾಗಿಯೇ ಹರಿದು ತಿನ್ನುವ ಅದರ ರೀತಿಯೂ ಈ ದ್ವೇಷಕ್ಕೆ ಒಂದು ಕಾರಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿತು. ಆದರೆ ಕಾಯ್ದೆ ಬದಲಾದಷ್ಟು ಬೇಗ ಜನರ ಮನಸ್ಸು ಬದಲಾಗಲಿಲ್ಲ.

ಈ ಪ್ರಾಣಿ ಬೊಗಳುವುದಕ್ಕಿಂತ ಹೆಚ್ಚಾಗಿ ಸಿಳ್ಳೆ ಹಾಕಿ ಗುಂಪನ್ನು ಕೂಡಿಸುತ್ತದೆ. ಬೇಟೆಯಿಂದ ಮರಳಿದ ಹಿರಿಯ ನಾಯಿಗಳು ನುಂಗಿದ ಮಾಂಸವನ್ನು ಕಕ್ಕಿ ಮರಿಗಳಿಗೆ ಉಣಿಸುತ್ತವೆ. ಹೆತ್ತ ತಾಯಿಯಷ್ಟೇ ಅಲ್ಲ, ಗುಂಪಿನ ಉಳಿದವೂ. ಇಂಥ ಸಂಸಾರವನ್ನು ಬೆದರಿಸದೆ ಚಿತ್ರಿಸಲು ವರ್ಷಗಟ್ಟಲೆ ಒಂದೇ ಕಾಡಿನಲ್ಲಿ ಅಲೆಯಬೇಕು, ಒಂದೊಂದು ನಾಯಿಯನ್ನೂ ಗುರುತಿಸಬೇಕು. ಕೃಪಾಕರ, ಸೇನಾನಿ ಬಂಡೀಪುರದ ಸೀಮೆಯಲ್ಲಿ ಮಾಡಿದ್ದು ಇದನ್ನೇ. 1997ರಲ್ಲಿ ಕಾಡುಗಳ್ಳ ವೀರಪ್ಪನ್ ಇಬ್ಬರನ್ನೂ ಅಪಹರಿಸಿ ಹದಿನಾಲ್ಕು ದಿನ ಒತ್ತೆ ಇಟ್ಟುಕೊಂಡಿದ್ದ. ಆಮೇಲೂ ಅವರು ಕಾಡು ಬಿಡಲಿಲ್ಲ. ಬ್ರಿಸ್ಟಲ್‌ನ ಗೌರವಕ್ಕೆ ತೂಕ ಬಂದದ್ದು ಆ ಪಟ್ಟಿನಿಂದ.